ಬಾಟಲಿಯ ನೀರು ಹೇಳದ್ದು: ಹೊಳೆ ಮೀನಿನಿಂದ ಮಾಲಿನ್ಯ ಅಳೆಯುವ ಬಗೆ

ಕಲಬುರಗಿ ಕಡೆಯ ಕಾಗಿಣಾ ನದಿಯಲ್ಲಿ ಬೆಳಗ್ಗೆ ಹನ್ನೊಂದು ಗಂಟೆಗೆ ಒಂದು ಬಾಟಲಿ ನೀರು ತುಂಬಿ ಪರೀಕ್ಷೆಗೆ ಕಳಿಸುತ್ತೀರಿ. ಬರುವ ವರದಿ ಆ ಹನ್ನೊಂದು ಗಂಟೆಯದು. ಹಿಂದಿನ ರಾತ್ರಿ ಎರಡಕ್ಕೆ ಯಾವುದೋ ನಾಲಾದಿಂದ ಏನೋ ಹರಿದು ಬಂದಿದ್ದರೆ ಅದು ಅಷ್ಟೊತ್ತಿಗೆ ಭೀಮಾ ಸೇರಿರುತ್ತದೆ. ವರದಿಯಲ್ಲಿ ಎಲ್ಲವೂ ಮಿತಿಯೊಳಗೇ ಕಾಣುತ್ತದೆ. ಸುಳ್ಳು ಅಂತ ಅಲ್ಲ, ಹೊಳೆಗೆ ಏನು ಸೇರುತ್ತಿದೆ ಅನ್ನುವ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ ಅಷ್ಟೇ. ಅದೇ ಜಾಗದಲ್ಲಿ ತಳದ ಕಲ್ಲಿಗೆ ಅಂಟಿಕೊಂಡು ವರ್ಷಗಟ್ಟಲೆ ಬದುಕಿದ ಒಂದು ಮೀನು ಆ ರಾತ್ರಿಯೂ ಅಲ್ಲೇ ಇತ್ತು, ಉಸಿರಾಡಿತ್ತು. ಇವತ್ತಿನ ಮಾತು ಆ ಮೀನಿನಿಂದ ಏನೇನು ತಿಳಿಯಬಹುದು, ಏನು ತಿಳಿಯಲು ಆಗುವುದಿಲ್ಲ ಅನ್ನುವುದರ ಬಗ್ಗೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿಭಾಗಗಳನ್ನು ಮಲಿನ ಅಂತ ಗುರುತಿಸಿತು. ಕರ್ನಾಟಕದವು ಹದಿನೇಳು. ನಮ್ಮ ಕಡೆಯವು ಅದರಲ್ಲಿವೆ: ಭೀಮಾದ ಗಾಣಗಾಪುರದಿಂದ ಯಾದಗಿರಿವರೆಗಿನ ಭಾಗ, ಕಾಗಿಣಾದ ಶಹಾಬಾದ್‌ನಿಂದ ಹೊನಗುಂಟಾವರೆಗಿನ ಭಾಗ, ಕೃಷ್ಣೆಯ ಉದ್ದನೆಯ ಭಾಗ ತಿಂಥಣಿ ಸೇತುವೆವರೆಗೆ. ಈ ಪಟ್ಟಿ ನಿಂತಿರುವುದು ಬಿ.ಒ.ಡಿ. ಮೇಲೆ, ಅಂದರೆ ನೀರಿನ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕದ ಲೆಕ್ಕದ ಮೇಲೆ. ಚರಂಡಿ ನೀರಿಗೆ ಅದು ಒಳ್ಳೆಯ ಅಳತೆ. ಕ್ಯಾಡ್ಮಿಯಂ ಇದೆಯೇ, ಕೀಟನಾಶಕ ಇದೆಯೇ ಅನ್ನುವುದಕ್ಕೂ ಬಿ.ಒ.ಡಿ.ಗೂ ಸಂಬಂಧ ಇಲ್ಲ. ಮೀನುಗಾರಿಕೆಗೆ ಯೋಗ್ಯ ಅನ್ನುವ ‘ಡಿ’ ದರ್ಜೆಯ ಮಾನದಂಡವೂ ಮೂರೇ ಸಾಲಿನದು: ಪಿ.ಎಚ್. 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿ.ಗ್ರಾಂ ಅಥವಾ ಕಡಿಮೆ.

ಮೊದಲ ಪ್ರಶ್ನೆ, ಯಾವ ಮೀನು? ಸಾಮಾನ್ಯವಾಗಿ ವಿದ್ಯಾರ್ಥಿಗಳು ಮಾರುಕಟ್ಟೆಗೆ ಹೋಗಿ ಕಟ್ಲಾ, ರೋಹು ತರುತ್ತಾರೆ. ದಯವಿಟ್ಟು ಬೇಡ. ಕಾರಂಜಾ ಜಲಾಶಯವಿರಲಿ, ಬ್ಯಾರೇಜ್‌ಗಳಿರಲಿ, ಇವುಗಳ ಮರಿಗಳನ್ನು ಮೊಟ್ಟೆಕೇಂದ್ರದಲ್ಲಿ ಬೆಳೆಸಿ ತಂದು ಬಿಟ್ಟಿರುತ್ತಾರೆ. ಯಾವಾಗ ಬಿಟ್ಟರು, ಎಲ್ಲೆಲ್ಲಿ ಓಡಾಡಿತು, ಮಾರುಕಟ್ಟೆಗೆ ಬಂದದ್ದು ಹೊಳೆಯದೋ ಕೆರೆಯದೋ ಗೊತ್ತಾಗುವುದಿಲ್ಲ. ಯಾವ ಊರಿನದೆಂದೇ ಗೊತ್ತಿಲ್ಲದ ಸಾಕ್ಷಿ ಅದು. ಬಾಳೆ ಮೀನು ದೊಡ್ಡದು, ಬೇಟೆಯಾಡುವ ಮೀನು, ಆದರೆ ದೂರ ಓಡಾಡುತ್ತದೆ. ಅದರಿಂದ ನದಿಯ ಬಗ್ಗೆ ತಿಳಿಯುತ್ತದೆ, ನಾಲಾದ ಬಗ್ಗೆ ತಿಳಿಯುವುದಿಲ್ಲ.

ಬೇಕಾದದ್ದು ಸಣ್ಣ, ಬಡ ಮೀನು. ಯಾರೂ ಮರಿ ತಂದು ಬಿಡದ, ಬೆಲೆ ಇಲ್ಲದ, ಹುಟ್ಟಿದ ಜಾಗ ಬಿಟ್ಟು ಹೆಚ್ಚು ದೂರ ಹೋಗದ ಮೀನು. ತಳದ ಮರಳಲ್ಲಿ ಕೂರುವ ಗ್ಲೋಸೊಗೋಬಿಯಸ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೀಸೆಯ ಮಿಸ್ಟಸ್ ಜಾತಿಯವು, ಪುಂಟಿಯಸ್ ಜಾತಿಯ ಸಣ್ಣ ಮೀನುಗಳೂ ಆಗುತ್ತವೆ. ಒಂದು ತಳದ್ದು, ಒಂದು ನಡುನೀರಿನದು ಅಂತ ಎರಡು ಜಾತಿ ಆರಿಸಿಕೊಂಡರೆ ಒಳ್ಳೆಯದು, ಏಕೆಂದರೆ ಕೆಸರಿನಲ್ಲಿ ಕೂತ ಲೋಹ ತಳದ ಮೀನಿಗೆ ಮೊದಲು ಸಿಗುತ್ತದೆ. ಮರಲ್, ಚೇಳುಮೀನು, ಮುರುಗೋಡು ಇವು ಮೇಲೆ ಬಂದು ಗಾಳಿ ನುಂಗಿ ಉಸಿರಾಡಬಲ್ಲವು. ನೀರಿನಲ್ಲಿ ಆಮ್ಲಜನಕ ಸೊನ್ನೆ ಆದರೂ ಬದುಕುತ್ತವೆ. ಆಮ್ಲಜನಕದ ಪ್ರಶ್ನೆಗೆ ಅವುಗಳ ದೇಹ ಉಪಯೋಗವಿಲ್ಲ, ಲೋಹದ ಪ್ರಶ್ನೆಗೆ ಆದೀತು. ಆದರೆ ಬಲೆಯಲ್ಲಿ ಬರೀ ಇವೂ ಕೊಳೆ ನೀರು ತಾಳುವ ಜಿಲೇಬಿ ಮೀನೂ ಮಾತ್ರ ಬರುತ್ತಿದ್ದರೆ ಅದೇ ಒಂದು ವರದಿ.

ಈ ಕೊನೆಯ ಮಾತನ್ನು ಅಳತೆಗೆ ತಂದವರು ಜೀವವಿಜ್ಞಾನಿ ಜೇಮ್ಸ್ ಕಾರ್. 1981ರಲ್ಲಿ ಅಮೆರಿಕದ ಹೊಳೆಗಳಿಗೆ ಜೈವಿಕ ಸಮಗ್ರತೆಯ ಸೂಚ್ಯಂಕ ಅಂತ ಮಾಡಿದರು. ಎಷ್ಟು ಜಾತಿ, ಮಾಲಿನ್ಯ ತಾಳದ ಸೂಕ್ಷ್ಮ ಜಾತಿ ಎಷ್ಟು, ಸರ್ವಭಕ್ಷಕಗಳ ಪಾಲೆಷ್ಟು, ಹುಣ್ಣು ಗಂಟುಗಳಿರುವ ಮೀನೆಷ್ಟು, ಹೀಗೆ ಹನ್ನೆರಡು ಅಂಶಗಳು. ಒಂದೊಂದಕ್ಕೂ 1, 3 ಅಥವಾ 5 ಅಂಕ, ಒಟ್ಟು 12ರಿಂದ 60. ಅದರ ಅಂಕಪಟ್ಟಿಯನ್ನು ಹಾಗೇ ತಂದು ಭೀಮಾಕ್ಕೆ ಹಾಕಬೇಡಿ. ಇಲಿನಾಯ್‌ನ ಹೊಳೆಯಲ್ಲಿ ಯಾವುದು ಸೂಕ್ಷ್ಮ ಅನ್ನುವುದು ಇಲ್ಲಿಗೆ ಹೊಂದುವುದಿಲ್ಲ. ನಮ್ಮ ನದಿಯ ಶುದ್ಧ ಜಾಗಗಳಲ್ಲಿ ಏನು ಸಿಗುತ್ತದೆ ಅಂತ ನೋಡಿ ಅಂಕ ಕಟ್ಟಬೇಕು.

ಹೋಲಿಕೆಯ ಜಾಗ ಆರಿಸುವಾಗಲೇ ಹೆಚ್ಚಿನ ಅಧ್ಯಯನಗಳು ಕೆಡುತ್ತವೆ. ಶಹಾಬಾದ್ ಕೆಳಗಿನ ಕಾಗಿಣಾದ ಮೀನನ್ನು ಯಾವುದರ ಜೊತೆ ಹೋಲಿಸುತ್ತೀರಿ? ಭೀಮಾದ ಮೇಲ್ಭಾಗದ ಮೀನಿನ ಜೊತೆ ಅಂದರೆ ತಪ್ಪು. ಭೀಮಾ ಮಹಾರಾಷ್ಟ್ರದ ಕರಿಕಲ್ಲಿನ ನೆಲದಿಂದ ಬರುತ್ತದೆ, ಕಾಗಿಣಾದ ಕೆಳಭಾಗ ಸೇಡಂ, ಮಳಖೇಡ, ಶಹಾಬಾದ್‌ನ ಸುಣ್ಣಕಲ್ಲಿನ ಮೇಲೆ ಹರಿಯುತ್ತದೆ. ನೀರೇ ಬೇರೆ. ಇದು ಸಣ್ಣ ವಿಷಯವಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸುಣ್ಣಕಲ್ಲಿನ ನೀರು ಗಡಸು. ಕ್ಯಾಲ್ಸಿಯಂ ಜಾಸ್ತಿ. ತಾಮ್ರ, ಕ್ಯಾಡ್ಮಿಯಂ, ಸತು ಇವೆಲ್ಲ ಮೀನಿನ ಕಿವಿರಿನಲ್ಲಿ ಕ್ಯಾಲ್ಸಿಯಂ ಕೂರುವ ಜಾಗಕ್ಕೇ ಪೈಪೋಟಿ ಮಾಡುತ್ತವೆ. ಕ್ಯಾಲ್ಸಿಯಂ ತುಂಬಿದ್ದರೆ ಲೋಹಕ್ಕೆ ಜಾಗ ಕಡಿಮೆ. ಹಾಗಾಗಿ ಒಂದೇ ಪ್ರಮಾಣದ ತಾಮ್ರ ಮೆದುನೀರಿನಲ್ಲಿ ಮೀನನ್ನು ಕೊಲ್ಲಬಹುದು, ಗಡಸು ನೀರಿನಲ್ಲಿ ಕೊಲ್ಲದಿರಬಹುದು. ಇಷ್ಟಕ್ಕೆ ಖುಷಿಪಡಬೇಡಿ, ಅಮೋನಿಯಾ ವಿಷಯದಲ್ಲಿ ಲೆಕ್ಕ ಉಲ್ಟಾ. ಚರಂಡಿ ನೀರಿನ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಮೀನಿಗೆ ವಿಷ ಆಗುವುದು ಮುಕ್ತ ರೂಪ. 30 ಡಿಗ್ರಿ ಬಿಸಿಯ ನೀರಿನಲ್ಲಿ ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯಾದ ಶೇ. 0.8 ಮಾತ್ರ ಮುಕ್ತ. ಪಿ.ಎಚ್. 8.5 ಆದರೆ ಶೇ. 20. ಲೀಟರಿಗೆ 2 ಮಿ.ಗ್ರಾಂ ಒಟ್ಟು ಅಮೋನಿಯಾ ಇದ್ದರೆ ಮೊದಲನೆಯದರಲ್ಲಿ 0.016, ಎರಡನೆಯದರಲ್ಲಿ 0.4 ಮಿ.ಗ್ರಾಂ ವಿಷ. ಅದೇ ಚರಂಡಿ, ಅದೇ ನೀರು, ಇಪ್ಪತ್ತೈದು ಪಟ್ಟು ವ್ಯತ್ಯಾಸ. ಬ್ಯಾರೇಜ್ ಹಿಂದೆ ನಿಂತ ಹಸಿರು ನೀರಿನಲ್ಲಿ ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿ.ಎಚ್. ಏರಿಸುತ್ತದೆ. ಅಂಥ ಕಡೆ ಅಮೋನಿಯಾಕ್ಕೆ ಮಧ್ಯಾಹ್ನ ಮೂರು ಗಂಟೆ ಕೆಟ್ಟ ಹೊತ್ತು, ಆಮ್ಲಜನಕಕ್ಕೆ ಸೂರ್ಯ ಹುಟ್ಟುವ ಮುಂಚಿನ ಹೊತ್ತು ಕೆಟ್ಟದ್ದು. ಎರಡು ಹೊತ್ತಿನಲ್ಲೂ ಅಳೆಯದೆ ಮೀನಿನ ದೇಹದಲ್ಲಿ ಕಂಡದ್ದಕ್ಕೆ ಕಾರಣ ಹೇಳಬೇಡಿ.

ಆದ್ದರಿಂದ ಹೋಲಿಕೆಯ ಜಾಗ ಅದೇ ನದಿಯಲ್ಲಿ, ಅದೇ ಕಲ್ಲಿನ ನೆಲದಲ್ಲಿ, ನೀವು ಅನುಮಾನಿಸುವ ಮೂಲದಿಂದ ಮೇಲಕ್ಕೆ ಇರಬೇಕು. ಸಾಧ್ಯವಾದರೆ ಎರಡು ಇರಲಿ. ಒಂದೇ ಇದ್ದರೆ, ಕಂಡ ವ್ಯತ್ಯಾಸ ಮಾಲಿನ್ಯದ್ದೋ ಎರಡು ಜಾಗಗಳ ಸಹಜ ವ್ಯತ್ಯಾಸವೋ ಹೇಳಲಾಗದು. ನಡುವೆ ಒಂದು ಬ್ಯಾರೇಜ್ ಇದ್ದರೆ ಇನ್ನೂ ಒಳ್ಳೆಯದು, ಮೀನು ಮೇಲೆ ಕೆಳಗೆ ಬೆರೆಯುವುದು ಕಡಿಮೆ. ಭೀಮಾದ ಸೊನ್ನ ಬ್ಯಾರೇಜ್‌ನಂಥವು ಮೀನಿಗೆ ಕಂಟಕ, ನಮ್ಮ ಲೆಕ್ಕಕ್ಕೆ ಮಾತ್ರ ಅನುಕೂಲ. ಒಂದು ಎಚ್ಚರ: ಬ್ಯಾರೇಜ್ ಹಿಂದಿನ ನಿಂತ ನೀರನ್ನು ಹರಿಯುವ ನೀರಿನ ಜೊತೆ ಹೋಲಿಸಬೇಡಿ. ನಿಂತದ್ದಕ್ಕೆ ನಿಂತದ್ದು, ಹರಿಯುವುದಕ್ಕೆ ಹರಿಯುವುದು. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಕಡೆಯ ಹಳ್ಳವಾಗಲಿ, ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಕಡೆಯ ನಾಲಾವಾಗಲಿ, ನೀವು ಎಲ್ಲೇ ಕೆಲಸ ಮಾಡಿದರೂ ಈ ನಿಯಮ ಬದಲಾಗುವುದಿಲ್ಲ.

ಕಾಲ ಯಾವುದು? ಡಿಸೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಮೊಟ್ಟೆ ಇಡುವ ಓಡಾಟ, ಪ್ರವಾಹ, ಎಲ್ಲ ಮೀನು ಕಲಸಿಹೋಗಿರುತ್ತದೆ. ಏಪ್ರಿಲ್, ಮೇನಲ್ಲಿ ಹೊಳೆ ಮಡುಗಳಾಗಿ ಒಡೆದಿರುತ್ತದೆ, ಹಸಿವೂ ಬಿಸಿಲೂ ಸೇರಿ ಎಲ್ಲ ಮೀನು ಸೊರಗಿರುತ್ತವೆ, ಮಾಲಿನ್ಯದ ಪಾಲು ಬೇರೆ ತೆಗೆಯಲಾಗದು. ಮೊಟ್ಟೆಚೀಲದ ಬೆಳವಣಿಗೆಯನ್ನೇ ನೋಡಬೇಕಾದರೆ ಮಾತ್ರ ಮುಂಗಾರಿಗೆ ಮುಂಚೆ ಹೋಗಬೇಕು, ಆಗ ಮೇಲಿನ ಕೆಳಗಿನ ಜಾಗಗಳಿಗೆ ಒಂದೇ ವಾರದಲ್ಲಿ ಹೋಗಿ ಬರಬೇಕು.

ಎಷ್ಟು ಮೀನು ಬೇಕು ಅಂದರೆ, ಕೆನಡಾದಲ್ಲಿ ಕಾಗದದ ಕಾರ್ಖಾನೆಗಳ ಕೆಳಗಿನ ನದಿಗಳಿಗೆ 1992ರಿಂದ ಇಂಥ ಪರೀಕ್ಷೆ ಕಾನೂನಿನಲ್ಲೇ ಇದೆ. ಅಲ್ಲಿಯ ಪದ್ಧತಿ ಎರಡು ಜಾತಿ, ಪ್ರತಿ ಜಾಗದಲ್ಲಿ ಪ್ರತಿ ಜಾತಿಯ 20 ಗಂಡು, 20 ಹೆಣ್ಣು, ಎಲ್ಲ ಪ್ರಾಯಕ್ಕೆ ಬಂದವು. ಗಂಡು ಹೆಣ್ಣು ಬೆರೆಸಿ ಸರಾಸರಿ ತೆಗೆಯಬಾರದು. ಐದಾರು ಮೀನು ಹಿಡಿದು ‘ನದಿ ಮಲಿನವಾಗಿದೆ’ ಅಂತ ತೀರ್ಪು ಕೊಡುವ ಪ್ರಬಂಧಗಳನ್ನು ಓದಿರುತ್ತೀರಿ. ಅಷ್ಟರಲ್ಲಿ ಏನೂ ಗೊತ್ತಾಗುವುದಿಲ್ಲ, ಆಗಿದೆ ಅಂತಲೂ ಇಲ್ಲ ಅಂತಲೂ.

ಹಿಡಿಯಲು ಹೊಳೆ ದಂಡೆಯ ಕಬ್ಬಲಿಗ, ಅಂಬಿಗ ಮನೆತನದವರನ್ನು ಕರೆದುಕೊಳ್ಳಿ. ಯಾವ ಮಡುವಿನಲ್ಲಿ ಯಾವ ಮೀನು ಅನ್ನುವುದು ಅವರಿಗೆ ಗೊತ್ತು, ಹಿಂದೆ ಯಾವ ಮೀನು ಇತ್ತು ಈಗ ಇಲ್ಲ ಅನ್ನುವುದೂ ಗೊತ್ತು. ಕೇಳಿ ಬರೆದುಕೊಳ್ಳಿ. ಮೀನುಗಾರಿಕೆ ಇಲಾಖೆಯ ಅನುಮತಿ ಮೊದಲೇ ಇರಲಿ. ಅಡ್ಡ ಕಟ್ಟುವ ಬಲೆ ಹಾಕುವುದಾದರೆ ಬೇರೆ ಬೇರೆ ಕಣ್ಣಳತೆಯವು ಬೇಕು, ಒಂದೇ ಅಳತೆಯ ಬಲೆ ಒಂದೇ ಗಾತ್ರದ ಮೀನು ಹಿಡಿಯುತ್ತದೆ. ಎರಡೂ ಜಾಗದಲ್ಲಿ ಅದೇ ಬಲೆ, ಅಷ್ಟೇ ಹೊತ್ತು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಎತ್ತಿದರೆ ಅರ್ಧ ಮೀನು ಸತ್ತಿರುತ್ತದೆ. ಎಣಿಕೆಗೆ ಆದೀತು, ಅಂಗಾಂಶಕ್ಕೆ ಆಗದು. ನಮ್ಮ ಬಿಸಿಲಿಗೆ ಸತ್ತ ಮೀನಿನ ಯಕೃತ್ತು ಕೆಲವೇ ನಿಮಿಷಗಳಲ್ಲಿ ತನ್ನನ್ನು ತಾನೇ ಕರಗಿಸಿಕೊಳ್ಳಲು ಶುರು ಮಾಡುತ್ತದೆ. ಬೀಸುಬಲೆ ಒಳ್ಳೆಯದು, ಮೀನು ಜೀವಂತ ಸಿಗುತ್ತದೆ. ಆದರೆ ಅದರ ಅಂಚಿಗೆ ಪೋಣಿಸಿರುವುದು ಸೀಸದ ಗುಂಡು. ಸೀಸ ಅಳೆಯಲು ಹೊರಟವರು ಇದನ್ನು ಮರೆಯಬಾರದು: ಮೀನನ್ನು ಹೊಳೆಯ ನೀರಿನಲ್ಲೇ ತೊಳೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ, ಗುಂಡು ತಾಗಿದ ಚರ್ಮವನ್ನು ಪರೀಕ್ಷೆಗೆ ಕೊಡಬೇಡಿ. ತಗಡಿನ ಬಕೆಟ್ ಬೇಡ, ಅದಕ್ಕೆ ಸತುವಿನ ಲೇಪ ಇರುತ್ತದೆ.

ದಂಡೆಯಲ್ಲಿ ಅಳೆಯುವ ಮುಂಚೆ ಮೀನಿಗೆ ಅರಿವಳಿಕೆ ಕೊಡಬೇಕು. ಲವಂಗದ ಎಣ್ಣೆ ಸಾಕು. ನೇರ ಹಾಕಿದರೆ ನೀರಿನಲ್ಲಿ ಬೆರೆಯುವುದಿಲ್ಲ, ಅದಕ್ಕೆ ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಎಥನಾಲ್ ಸೇರಿಸಿ ಕರಗಿಸಿಟ್ಟುಕೊಳ್ಳಿ. ಹತ್ತು ಲೀಟರ್ ನೀರಿಗೆ ಆ ದ್ರಾವಣ 5 ಮಿ.ಲೀ. ಹಾಕಿದರೆ ಲೀಟರಿಗೆ ಸುಮಾರು 50 ಮಿ.ಗ್ರಾಂ ಆಗುತ್ತದೆ. ಈ ಮೀನನ್ನು ಯಾರಿಗೂ ತಿನ್ನಲು ಕೊಡಬೇಡಿ.

ಉದ್ದ ಮತ್ತು ತೂಕ. ಇದರಲ್ಲೇನಿದೆ ಅನ್ನಬೇಡಿ, ಇದ್ದದ್ದೆಲ್ಲ ಇದರಲ್ಲೇ. ಮೀನಿನ ಮೈಕಟ್ಟಿನ ಸೂಚ್ಯಂಕ ಅಂದರೆ ಗ್ರಾಂನಲ್ಲಿ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸುವುದು. 16 ಸೆಂ.ಮೀ. ಉದ್ದ, 45 ಗ್ರಾಂ ತೂಕದ ಮೀನಿಗೆ 1.10. ಈಗ ಯಾರೋ ಬಾಲ ಎಳೆದು ಹಿಡಿದು ಉದ್ದ 16.5 ಅಂತ ಓದಿದರು ಅಂದುಕೊಳ್ಳಿ. ಸೂಚ್ಯಂಕ 1.00. ಅರ್ಧ ಸೆಂಟಿಮೀಟರ್ ತಪ್ಪಿಗೆ ಶೇ. 9ರಷ್ಟು ಇಳಿತ. ಕೆನಡಾ ಪದ್ಧತಿಯಲ್ಲಿ ಗಂಭೀರ ಅಂತ ಎಣಿಸುವ ವ್ಯತ್ಯಾಸವೇ ಶೇ. 10. ಒಬ್ಬರು ಬಾಲದ ತುದಿವರೆಗೆ, ಇನ್ನೊಬ್ಬರು ಬಾಲದ ಕವಲಿನವರೆಗೆ ಅಳೆದರೆ ನಿಮ್ಮ ಮಾಲಿನ್ಯವೆಲ್ಲ ಅಳತೆಪಟ್ಟಿಯಲ್ಲೇ ಹುಟ್ಟಿದ್ದಾಗುತ್ತದೆ. ಇಡೀ ಅಧ್ಯಯನಕ್ಕೆ ಒಬ್ಬರೇ ಅಳೆಯಲಿ. ಮೀನಿನ ಮೈನೀರು ಒರೆಸಿ ತೂಗಿ. ಬೇರೆ ಜಾತಿಗಳ ಸೂಚ್ಯಂಕ ಹೋಲಿಸಬೇಡಿ, ಹಾವಿನಂತಿರುವ ಮೀನಿಗೆ ಅದು ಹುಟ್ಟಾ ಕಡಿಮೆಯೇ.

ಆಮೇಲೆ ಹೊಟ್ಟೆ ಸೀಳಿ ಯಕೃತ್ತು, ಮೊಟ್ಟೆಚೀಲ ಅಥವಾ ವೃಷಣ ತೂಗುವುದು. ದೇಹದ ತೂಕದ ಶೇಕಡಾವಾರು ಎಷ್ಟು ಅಂತ. ವಿಷ ಬಿಡಿಸುವ ಕೆಲಸ ಯಕೃತ್ತಿನದು, ಕೆಲಸ ಹೆಚ್ಚಿದರೆ ಹಿಗ್ಗುತ್ತದೆ. ಈ ಎರಡಕ್ಕೂ ಶೇ. 25 ವ್ಯತ್ಯಾಸವನ್ನು ಗಂಭೀರ ಅನ್ನುತ್ತಾರೆ. ಇಲ್ಲಿ ಪುಂಟಿಯಸ್ ತೆಗೆದುಕೊಂಡವರಿಗೆ ಕಷ್ಟ ಕಾದಿದೆ. ಕಾರ್ಪ್ ಕುಟುಂಬದ ಮೀನುಗಳ ಯಕೃತ್ತು ಒಂದೇ ಗಡ್ಡೆಯಾಗಿ ಇರುವುದಿಲ್ಲ, ಕರುಳಿನ ಸುತ್ತ ಹರಡಿ ಅಂಟಿಕೊಂಡಿರುತ್ತದೆ. ಪೂರ್ತಿ ಬಿಡಿಸಿ ತೆಗೆಯುವುದು ಆಗದ ಮಾತು. ಯಕೃತ್ತಿನ ತೂಕ ಬೇಕಾದರೆ ಮಿಸ್ಟಸ್ ಆರಿಸಿ.

ಈಗ ಬಹಳ ಜನ ಎಡವುವ ವಿಷಯ. ಚರಂಡಿ ಸೇರುವ ಜಾಗದ ಕೆಳಗಿನ ಮೀನು ಸೊರಗಿರುತ್ತದೆ ಅಂತ ನಾವು ಅಂದುಕೊಂಡು ಹೋಗುತ್ತೇವೆ. ಹಲವು ಸಲ ಅದು ಮೇಲಿನದಕ್ಕಿಂತ ದಪ್ಪ ಇರುತ್ತದೆ! ಚರಂಡಿ ಗೊಬ್ಬರ ತರುತ್ತದೆ, ಪಾಚಿ ಬೆಳೆಯುತ್ತದೆ, ಹುಳು ಹೆಚ್ಚುತ್ತವೆ, ಮೀನಿಗೆ ಊಟ. ಮೈಕಟ್ಟು, ಯಕೃತ್ತು, ಮೊಟ್ಟೆಚೀಲ ಮೂರೂ ದೊಡ್ಡದಾಗಿದ್ದರೆ ಅದು ಊಟ ಹೆಚ್ಚಾದ ಲಕ್ಷಣ. ಮೈಕಟ್ಟೂ ಯಕೃತ್ತೂ ದೊಡ್ಡದಾಗಿ ಮೊಟ್ಟೆಚೀಲ ಮಾತ್ರ ಸಣ್ಣದಾಗಿದ್ದರೆ ಗಾಬರಿಪಡಬೇಕು: ಉಂಡದ್ದು ಮರಿಯಾಗುತ್ತಿಲ್ಲ, ಹಾರ್ಮೋನಿನ ಮಟ್ಟದಲ್ಲಿ ಏನೋ ಕೆಟ್ಟಿದೆ. ಮೂರೂ ಸಣ್ಣದಾಗಿದ್ದರೆ ಹಸಿವು. ಅದು ವಿಷದಿಂದಲೂ ಬರಬಹುದು, ಶಹಾಬಾದ್ ಕಲ್ಲು ಪಾಲಿಶ್ ಮಾಡಿದ ರಾಡಿ ತಳಕ್ಕೆ ಕೂತು ಹುಳುಗಳ ಮನೆ ಮುಚ್ಚಿದ್ದರಿಂದಲೂ ಬರಬಹುದು. ತಳ ಕೆದಕಿ ನೋಡದೆ ಹೇಳಬೇಡಿ.

ಪ್ರಯೋಗಾಲಯಕ್ಕೆ ಏನು ಕಳಿಸಬೇಕು ಅನ್ನುವುದು ಪ್ರಶ್ನೆಯ ಮೇಲೆ ಹೋಗುತ್ತದೆ. ಪಾದರಸವಾದರೆ ಬೆನ್ನಿನ ಮಾಂಸ, ಚರ್ಮ ತೆಗೆದು. ಅದು ಮೀಥೈಲ್ ರೂಪದಲ್ಲಿ ಮಾಂಸದಲ್ಲೇ ಕೂರುತ್ತದೆ, ಮೀನು ದೊಡ್ಡದಾದಷ್ಟೂ ಹೆಚ್ಚುತ್ತದೆ, ಹಾಗಾಗಿ ಒಂದೇ ಗಾತ್ರದವನ್ನು ಹೋಲಿಸಿ. 1965ರಲ್ಲಿ ಜಪಾನಿನ ನೀಗಾತಾದಲ್ಲಿ ಅಗಾನೊ ನದಿಯ ಮೀನು ತಿಂದವರಿಗೆ ಮಿನಮಾತಾ ರೋಗ, ಅಂದರೆ ಪಾದರಸದ ವಿಷದಿಂದ ನರಗಳು ಕೆಡುವ ರೋಗ, ಕಾಣಿಸಿತು. ಪಾದರಸ ಬಿಟ್ಟ ಕಾರ್ಖಾನೆ ಇದ್ದದ್ದು ಹತ್ತಾರು ಕಿಲೋಮೀಟರ್ ಮೇಲೆ, ರೋಗಿಗಳು ನದಿಯ ಕೆಳದಂಡೆಯಲ್ಲಿ. ಕ್ಯಾಡ್ಮಿಯಂ ಆದರೆ ಯಕೃತ್ತು, ಮೂತ್ರಪಿಂಡ. ಸೀಸವಾದರೆ ಮೂಳೆ, ಕಿವಿರು. ಸತು, ತಾಮ್ರಕ್ಕಾಗಿ ಮಾಂಸ ಕಳಿಸಿ ದುಡ್ಡು ಕಳೆಯಬೇಡಿ, ಮೀನು ಅವನ್ನು ತಾನೇ ಹತೋಟಿಯಲ್ಲಿಡುತ್ತದೆ, ಮಾಂಸದಲ್ಲಿ ಏರಿಕೆ ಕಾಣುವ ಹೊತ್ತಿಗೆ ಯಕೃತ್ತಿನಲ್ಲಿ ಯಾವಾಗಲೋ ಕಂಡಿರುತ್ತದೆ. ವರದಿ ಬಂದಾಗ ಹಸಿ ತೂಕಕ್ಕೋ ಒಣ ತೂಕಕ್ಕೋ ಅಂತ ಮೊದಲು ನೋಡಿ. ಮಾಂಸದಲ್ಲಿ ಶೇ. 80ರಷ್ಟು ನೀರೇ, ಒಂದನ್ನು ಇನ್ನೊಂದೆಂದು ಓದಿದರೆ ಅಂಕಿ ಐದು ಪಟ್ಟು ತಪ್ಪುತ್ತದೆ.

ನಮ್ಮ ತೊಗರಿ, ಹತ್ತಿ ಹೊಲಗಳ ಕಾರಣಕ್ಕೆ ಕೀಟನಾಶಕದ ಮಾತು. ತೊಗರಿ ಹೂ ಕಾಯಿ ಹಿಡಿಯುವ ಅಕ್ಟೋಬರ್, ನವೆಂಬರ್‌ನಲ್ಲಿ ಸಿಂಪಡಣೆ ಜೋರು. ಆಗ ಒಂದು ಮಳೆ ಬಂದರೆ ಹಳ್ಳಕ್ಕೆ ಇಳಿಯುತ್ತದೆ, ನೀರಿನಲ್ಲಿ ಕೆಲವೇ ದಿನ ಉಳಿಯುತ್ತದೆ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಜಾತಿಯ ವಿಷಗಳು ಮೀನಿನ ಮೆದುಳಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆರ್ಗನೋಫಾಸ್ಫೇಟ್ ಕಟ್ಟಿದ್ದು ಸುಲಭಕ್ಕೆ ಬಿಡುವುದಿಲ್ಲ, ಕಿಣ್ವ ಮೊದಲಿನಂತಾಗಲು ವಾರಗಳು ಬೇಕು. ನೀರು ತಿಳಿಯಾದ ಮೇಲೂ ಮೆದುಳಿನಲ್ಲಿ ಗುರುತು ಉಳಿಯುವುದು ಹೀಗೆ. ಕಿಣ್ವದ ಚಟುವಟಿಕೆ ಹೋಲಿಕೆ ಜಾಗಕ್ಕಿಂತ ಶೇ. 20ಕ್ಕೂ ಹೆಚ್ಚು ಇಳಿದಿದ್ದರೆ ವಿಷ ತಾಗಿದೆ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಇದನ್ನು ಅಳೆಯುವುದು 1961ರ ಎಲ್ಮನ್ ವಿಧಾನದಿಂದ: ಕಿಣ್ವದ ಕೆಲಸಕ್ಕೆ ತಕ್ಕಂತೆ ಮೂಡುವ ಹಳದಿ ಬಣ್ಣ ಅಳೆಯುವುದು, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವ ಕಾಲೇಜಿನಲ್ಲೂ ಆಗುತ್ತದೆ. ಮೆದುಳನ್ನು ತೆಗೆದ ಕೂಡಲೇ ಹಿಮಗಡ್ಡೆಗೆ ಸೇರಿಸಬೇಕು. ಆದರೆ ಪೈರೆಥ್ರಾಯ್ಡ್‌ಗಳೂ ಇತ್ತೀಚಿನ ಹೊಸ ಕಾಯಿಕೊರಕದ ಔಷಧಿಗಳೂ ಈ ಕಿಣ್ವವನ್ನು ಮುಟ್ಟುವುದಿಲ್ಲ. ಕಿಣ್ವ ಸರಿ ಇದೆ ಅಂದಮಾತ್ರಕ್ಕೆ ಕೀಟನಾಶಕವೇ ಇಲ್ಲ ಅಂತ ಬರೆಯಬೇಡಿ.

ಕಿವಿರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ತಟಸ್ಥ ಫಾರ್ಮಲಿನ್ ಬೇಕು: ಒಂದು ಲೀಟರಿಗೆ ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಭಟ್ಟಿ ಇಳಿಸಿದ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ತುಂಡಿನ ಹತ್ತು ಪಟ್ಟಾದರೂ ದ್ರಾವಣ ಇರಲಿ. ಕಡಿಮೆ ಹಾಕಿದರೆ ಒಳಗೆ ಕೊಳೆತು, ಕಂಡ ಹಾನಿ ನದಿಯದೋ ಬಾಟಲಿಯದೋ ಗೊತ್ತಾಗುವುದಿಲ್ಲ.

ಕೊನೆಗೆ, ಮೀನು ರಾಶಿ ಸತ್ತು ತೇಲಿದ ದಿನ. ನಿಮಗೆ ಫೋನ್ ಬರುವುದು ಆಗಲೇ. ಮೊದಲ ಮುಂಗಾರಿನ ಮಳೆಗೆ ಊರ ಕೊಳೆಯೆಲ್ಲ ಒಮ್ಮೆಲೇ ಬ್ಯಾರೇಜ್ ಸೇರಿದಾಗ ಇದು ಆಗುವುದುಂಟು. ಆಮ್ಲಜನಕ ತೀರಿ ಸತ್ತಿದ್ದರೆ ಬೆಳಗಿನ ಜಾವ ಸಾಯುತ್ತವೆ, ಸಾಮಾನ್ಯವಾಗಿ ದೊಡ್ಡವು ಮೊದಲು, ಬಾಯಿ ತೆರೆದು, ಕಿವಿರು ಅಗಲಿಸಿ. ಬದುಕಿದ ಸಣ್ಣವು ಮೇಲ್ನೀರಿನಲ್ಲಿ ಬಾಯಿ ಬಡಿಯುತ್ತಿರುತ್ತವೆ, ಮರಲ್ ಆರಾಮಾಗಿರುತ್ತದೆ. ಮರಲ್ ಕೂಡ ಸತ್ತಿದ್ದರೆ ವಿಷ ಅಂತ ಯೋಚಿಸಿ. ಸಿಗಡಿ, ನೀರಹುಳು ಮೊದಲು ಸತ್ತಿದ್ದರೆ ಕೀಟನಾಶಕದ ಅನುಮಾನ. ಕಿವಿರು ಕೆಂಪು ಬಿಟ್ಟು ಕಂದು ಆಗಿದ್ದರೆ ನೈಟ್ರೈಟ್. ಬೆಳ್ಳಗಾಗಿದ್ದರೆ ಯಾರೋ ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯಲು ಹೋಗಿರಬಹುದು. ಗಾಳಿಚೀಲ ಒಡೆದು ಬೆನ್ನೆಲುಬು ಮುರಿದಿದ್ದರೆ ಸಿಡಿಮದ್ದು. ಕಾರ್ಖಾನೆಯ ಕಡೆ ಬೆರಳು ತೋರಿಸುವ ಮುಂಚೆ ಈ ಎರಡನ್ನು ಮೊದಲು ಕಳೆಯಿರಿ.

ತೇಲಿದ ಊದಿದ ಮೀನು ಪರೀಕ್ಷೆಗೆ ಬರುವುದಿಲ್ಲ. ಸಾಯುತ್ತಿರುವುದನ್ನು ಹಿಡಿಯಿರಿ. ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರು, ಗುಳ್ಳೆ ಇಲ್ಲದಂತೆ ಅಂಚಿನವರೆಗೆ, ಮೇಲೆ ಒಂದು, ಅಲ್ಲೇ ಒಂದು, ಕೆಳಗೆ ಒಂದು. ಸತ್ತ ಮೀನು ಮೊದಲು ಮುಳುಗುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬಿದ ಮೇಲೆ ತೇಲುತ್ತದೆ. ಇವತ್ತು ಬೆಳಗ್ಗೆ ಕಂಡದ್ದು ನಿನ್ನೆ ಸತ್ತದ್ದಿರಬಹುದು. ನೀರು ಸೆಕೆಂಡಿಗೆ 30 ಸೆಂ.ಮೀ. ಹರಿಯುತ್ತಿದ್ದರೆ ಗಂಟೆಗೆ ಸುಮಾರು ಒಂದು ಕಿಲೋಮೀಟರ್, ಅಷ್ಟೊತ್ತಿಗೆ ವಿಷದ ನೀರು ಎಲ್ಲೋ ಮುಂದೆ ಹೋಗಿರುತ್ತದೆ. ಅದಕ್ಕೆ ರಾಶಿ ಬಿದ್ದ ಜಾಗದಲ್ಲಿ ನಿಂತು ಫೋಟೊ ತೆಗೆಯುತ್ತ ಹೊತ್ತು ಕಳೆಯಬೇಡಿ. ತೆಪ್ಪ ಹತ್ತಿ ಹೊಳೆಯ ಮೇಲಕ್ಕೆ ಹೋಗಿ, ಎರಡೂ ದಂಡೆ ನೋಡುತ್ತ, ಸತ್ತ ಮೀನು ಕಾಣುವುದು ನಿಂತುಹೋಗುವ ಜಾಗದವರೆಗೆ. ಎಲ್ಲಕ್ಕಿಂತ ಮೇಲೆ ಬಿದ್ದಿರುವ ಸತ್ತ ಮೀನಿನಿಂದ ಶುರುಮಾಡಿ, ಅದರ ಮೇಲೆ ಸೇರುವ ಮೊದಲ ನಾಲಾ ಯಾವುದು, ಮೊದಲ ಪೈಪು ಯಾವುದು ಅಂತ ಹುಡುಕಿ, ಅಲ್ಲಿಂದ ಒಂದು ಬಾಟಲಿ ನೀರು, ಒಂದು ಹಿಡಿ ಕೆಸರು ತನ್ನಿ.